ಎರಡನೆಯ ಸುತ್ತು

ಆ ಓಣಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಎಲ್ಲರ ಬಾಯಲ್ಲೂ ಅವಳು ಅಚ್ಚಕ್ಕ. ಶೂ ಹೊಲಿಯುವಾಗ ಚರ್ಮವನ್ನು ಒಂದು ಮರದ ಕಾಲಿನ ಮೇಲೆ ಎಳೆದು ಕೂರಿಸುತ್ತಾರೆ. ಆ ಮರದ ಕಾಲಿಗೆ ಅಚ್ಚು ಎನ್ನುತ್ತಾರೆ. ಅದನ್ನು ಮಾಡಿ, ಅದರ ಮೇಲೆ ಶೂ ಹೊಲಿಸಿ ಕೊಡುವ ಅಕ್ಕ ಅಚ್ಚಕ್ಕ. ಕಾಲು ನೆಟ್ಟಗಿರುವವರ ಕಣ್ಣಿಗೆ ಅವಳ ಅಂಗಡಿ ಬೀಳುವುದೇ ಇಲ್ಲ. ಅವರು ಗಾಜಿನ ಬಾಗಿಲಿನ ದೊಡ್ಡ ಅಂಗಡಿಗೆ ಹೋಗಿ, ನಾಲ್ಕು ಪೆಟ್ಟಿಗೆ ತೆರೆಸಿ, ಐದನೆಯದನ್ನು ಹಾಕಿಕೊಂಡು ಬರುತ್ತಾರೆ. ಇವಳ ಹತ್ತಿರ ಬರುವವರೇ ಬೇರೆ. ಒಂದು ಕಾಲು ಗಿಡ್ಡ ಇದ್ದವರು, ಮುರಿದ ಮೂಳೆ ಅಡ್ಡಾದಿಡ್ಡಿ ಕೂಡಿಕೊಂಡವರು, ಬೆರಳು ಕಳೆದುಕೊಂಡವರು, ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿದವರು.

ಮುಂದಿನ ಕೋಣೆಯಲ್ಲಿ ಒಂದು ಕೌಂಟರು, ಒಂದು ಸ್ಟೂಲು, ನೆಲಕ್ಕೆ ತಾಗಿಸಿ ಒರಗಿಸಿದ ಕನ್ನಡಿ. ನಡುಕೋಣೆಯಲ್ಲಿ ಸೂರಿನವರೆಗೂ ಅಚ್ಚುಗಳು, ಜೋಡಿ ಜೋಡಿಯಾಗಿ ದಾರದಲ್ಲಿ ಕಟ್ಟಿ ತೂಗುಹಾಕಿದವು. ಯಾವ ಜೋಡಿಯಲ್ಲೂ ಎಡ ಬಲಕ್ಕೆ ಹೋಲಿಕೆ ಇರುವುದಿಲ್ಲ. ಹಿಂದಿನ ಕೋಣೆಯಲ್ಲಿ ಯಂತ್ರ. ಯಂತ್ರದ ಪಕ್ಕದಲ್ಲಿ ಒಂದು ಕುರ್ಚಿ, ಕುರ್ಚಿಯಲ್ಲಿ ತಮ್ಮ.

ಹೊಸ ಶೂ ಹಾಕಿಕೊಂಡು ಗಿರಾಕಿ ಕೌಂಟರಿನಿಂದ ಬಾಗಿಲಿಗೆ, ಬಾಗಿಲಿನಿಂದ ಕೌಂಟರಿಗೆ ನಡೆದು, "ಹಾಯಾಗಿದೆ ಅಕ್ಕಾ, ಒಂಚೂರೂ ಕಚ್ತಿಲ್ಲ" ಎಂದಾಗ ಅಚ್ಚಕ್ಕ ಹೇಳುವ ಮಾತು ಒಂದೇ.

"ಅಷ್ಟಕ್ಕೇ ಖುಷಿಪಡಬೇಡಿ. ಸೈಜು ದೊಡ್ಡದಾದ್ರೆ ಯಾವ ಶೂನೂ ಕಚ್ಚಲ್ಲ. ಮೆಟ್ಟಿಲು ಇಳಿದು ಬನ್ನಿ, ಆಮೇಲೆ ಹೇಳಿ."

ಓಣಿಯ ಬಾಯಿಗೆ ಮೂರು ಮೆಟ್ಟಿಲಿವೆ. ಇಳಿದು ಹತ್ತಿ ಬಂದವರನ್ನು ಮಾತ್ರ ಅವಳು ಮನೆಗೆ ಕಳಿಸುತ್ತಿದ್ದದ್ದು.

ಈ ಕೆಲಸ ಅಪ್ಪನಿಂದ ಬಂದದ್ದು. ಅಪ್ಪ ಉಳಿ ಹಿಡಿದು ಕೆತ್ತುತ್ತಿದ್ದ, ಅವನ ನಂತರ ಮಗಳು ಹಿಡಿದಳು. ತಮ್ಮ ಓದಿದ, ಎಲೆಕ್ಟ್ರಾನಿಕ್ಸ್ ಕಲಿತ, ಎಲ್ಲೋ ಒಂದು ಕಾರ್ಖಾನೆಯಲ್ಲಿ ಯಂತ್ರಗಳಿಗೆ ಪ್ರೋಗ್ರಾಮು ಬರೆಯುತ್ತಿದ್ದ. ಕಾರ್ಖಾನೆ ಮುಚ್ಚಿ ಅವನು ಮನೆಗೆ ಮರಳುವ ಹೊತ್ತಿಗೆ ಅಕ್ಕನ ಬಲ ಭುಜ ಕೆಟ್ಟುಹೋಗಿತ್ತು. ತಲೆ ಬಾಚಿಕೊಳ್ಳಲು ಕೈ ಮೇಲೇಳುತ್ತಿರಲಿಲ್ಲ. ಗಟ್ಟಿ ಮರದ ಮೇಲೆ ಅಷ್ಟು ವರ್ಷ ಉಳಿ ಹೊಡೆದರೆ ಆಗುವುದೇ ಅದು. ಡಾಕ್ಟರು ಕೆಲಸ ಬಿಡಿ ಎಂದರು. ತಮ್ಮ ಗುಜರಿಯಿಂದ ಒಂದು ಹಳೆಯ ಲೇತಿನ ಹಾಸು, ಅಂದರೆ ಯಂತ್ರ ಕೂರುವ ಕಬ್ಬಿಣದ ಅಡಿಭಾಗ, ತಂದ, ಅದಕ್ಕೆ ಮೂರು ಮೋಟಾರು ಕಟ್ಟಿದ, ಮೋಟಾರುಗಳಿಂದ ಒಂದು ಕೇಬಲ್ ಎಳೆದು ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸಿದ.

"ಇದೇನೋ, ನನ್ನ ಕೈಗೆ ಸವತೀನ ತಂದಿಟ್ಯಾ?" ಎಂದು ಅಕ್ಕ ಕೇಳಿದ್ದಳು.

"ಸವತಿ ಅಲ್ಲಕ್ಕಾ, ಸೊಸೆ. ನೀನು ಕೂತು ಹೇಳು, ಅವಳು ಮಾಡ್ತಾಳೆ."

ಅವನು ಹೇಳಿದಂತೆಯೇ ಆಯಿತು. ಅಕ್ಕ ಗಿರಾಕಿಯ ಪಾದಕ್ಕೆ ಪ್ಲಾಸ್ಟರ್ ಹಾಕಿ ಪ್ರತಿ ತೆಗೆಯುತ್ತಾಳೆ, ಅದರ ಮೈಯನ್ನು ಮುಳ್ಳು ತಿರುಗಿ ಅಳತೆ ತೋರಿಸುವ ಗೇಜಿನಲ್ಲಿ ಅಳೆದು ಅಂಕಿಗಳನ್ನು ಕಂಪ್ಯೂಟರಿಗೆ ಒತ್ತುತ್ತಾಳೆ. ಮರದ ದಿಮ್ಮಿ ಅಡ್ಡ ದಂಡದ ಮೇಲೆ ನಿಧಾನವಾಗಿ ಸುತ್ತುತ್ತದೆ. ಸುತ್ತುವ ದಿಮ್ಮಿಗೆ ಕಟರು ಅಂಕಿಗಳು ಹೇಳಿದಷ್ಟು ಒಳಕ್ಕೆ, ಹೇಳಿದಷ್ಟು ಹೊರಕ್ಕೆ ಆಡುತ್ತ, ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತ ಹಿಮ್ಮಡಿಯಿಂದ ಬೆರಳಿನವರೆಗೆ ಹೋಗುತ್ತದೆ. ದಿಮ್ಮಿಯೊಳಗಿಂದ ಪಾದ ಹೊರಗೆ ಬರುತ್ತದೆ. ಕೊನೆಗೆ ಸ್ಯಾಂಡ್‌ಪೇಪರ್ ಉಜ್ಜುವುದಷ್ಟೇ ಅವಳ ಕೈಗೆ ಉಳಿದ ಕೆಲಸ.

ಅವರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಅಚ್ಚು ಕೊರೆಯುವ ಮೊದಲು ಮರ ಕೂರಿಸದೆ ಬರೀ ದಂಡವನ್ನು ಒಂದು ಸಲ ಪೂರ್ತಿ ತಿರುಗಿಸಿ ನೋಡುವುದು. ತಮ್ಮ ಪ್ರೋಗ್ರಾಮಿನಲ್ಲಿ ಅದಕ್ಕೇ ಒಂದು ಗುಂಡಿ ಇಟ್ಟಿದ್ದ. ಗಾಳಿಸುತ್ತು ಎಂದು ಹೆಸರು. ಒಂದು ಸುತ್ತು ಆಗುತ್ತಲೇ ಯಂತ್ರ ತಾನೇ ನಿಲ್ಲುತ್ತಿತ್ತು. ಕಟರು ಎಲ್ಲೂ ತಗುಲದೆ ನೀಟಾಗಿ ಆಡಿದರೆ ಮರ ಕೂರಿಸಬಹುದು. ಅಷ್ಟು ವರ್ಷಗಳಲ್ಲಿ ಗಾಳಿಸುತ್ತು ಸರಿ ಬಂದ ಮೇಲೆ ಮರ ಕೆಟ್ಟದ್ದು ಒಮ್ಮೆಯೂ ಇಲ್ಲ.

ಹಾಗಿರುವಾಗ ತಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಪೂರ್ತಿ ಹೋಗಿದ್ದರೆ ವಾಸಿಯಿತ್ತು ಎಂದು ಅಚ್ಚಕ್ಕನಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಒಂದೇ ಒಂದು ಮಾತು ಉಳಿಯಿತು. "ನೋಡು." ನೀರು ಬೇಕಾದರೆ ನೋಡು, ಸಿಟ್ಟು ಬಂದರೆ ನೋಡು, ನಗುವಾಗಲೂ ನೋಡು. ಜೊತೆಗೆ ಎಡಗೈಯ ತೋರುಬೆರಳು ಗಾಳಿಯಲ್ಲಿ ಏನಾದರೂ ಬರೆಯುತ್ತಿರುತ್ತಿತ್ತು. ಅವಳು ಅವನನ್ನು ದಿನವೂ ಯಂತ್ರದ ಪಕ್ಕದಲ್ಲೇ ಕೂರಿಸುತ್ತಿದ್ದಳು. ಮರದ ಹೊಟ್ಟು ಅವನ ಮಡಿಲಿಗೆ ಬೀಳುತ್ತಿತ್ತು, ಅವನು ಕೊಡವುತ್ತಿರಲಿಲ್ಲ. ಅವನ ತಲೆಯೊಳಗಿದ್ದದ್ದರಲ್ಲಿ ಇನ್ನೂ ಕೆಲಸ ಮಾಡುತ್ತಿದ್ದದ್ದು ಆ ಪ್ರೋಗ್ರಾಮು ಒಂದೇ. ಅದು ನಡೆಯುತ್ತಿರುವಷ್ಟು ದಿನ ತಮ್ಮ ಕೆಲಸಕ್ಕೆ ಹೋಗುತ್ತಿದ್ದಾನೆ ಎಂದೇ ಅವಳ ಲೆಕ್ಕ.

ಒಂದು ಬೆಳಗ್ಗೆ ಕಂಪ್ಯೂಟರ್ ಏಳಲಿಲ್ಲ.

*

ಓಣಿಯ ತುದಿಯಲ್ಲಿ ಟೈಪಿಂಗ್ ಮೇಷ್ಟ್ರ ಮನೆ. ಟೈಪ್‌ರೈಟರ್ ಕಾಲದಲ್ಲಿ ಶುರುಮಾಡಿ, ಕಂಪ್ಯೂಟರ್ ಬಂದಾಗ ಅದನ್ನೂ ಕಲಿತು ಕಲಿಸಿ, ಕಲಿಯುವವರು ನಿಂತ ಮೇಲೆ ಬೋರ್ಡು ಇಳಿಸಿದವರು. ಅವರು ಬಂದು ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ನೋಡಿ, ಒಳಗಿನ ಉಬ್ಬಿದ ಭಾಗಗಳನ್ನು ಬೆರಳಲ್ಲಿ ತಟ್ಟಿದರು.

"ಇದು ಹೋಯ್ತಕ್ಕಾ. ಇದಕ್ಕೆ ಇನ್ನು ಹೂವು ಇಡೋದೇ."

"ಹೊಸದು ತಗೊಂಡ್ರೆ?"

"ಹೊಸದರಲ್ಲಿ ಈ ಕೇಬಲ್ ಸಿಕ್ಕಿಸೋ ಜಾಗನೇ ಇರಲ್ಲ. ಇದ್ರೂ ಹೊಸ ಆಪರೇಟಿಂಗ್ ಸಿಸ್ಟಂ ಬಿಡಲ್ಲ. ನಿಮ್ಮ ತಮ್ಮಣ್ಣ ಬರೆದಿರೋದು ಕಪ್ಪು ಪರದೆ ಕಾಲದ ಹಳೇ ಸಿಸ್ಟಂಗೆ. ಆಗ ಪ್ರೋಗ್ರಾಮು ನೇರವಾಗಿ ಹೋಗಿ ಮೋಟಾರಿನ ಕಿವಿ ಹಿಂಡಬಹುದಿತ್ತು. ಈಗಿನದಕ್ಕೆ ಅರ್ಜಿ ಹಾಕಿ, ಅಪ್ಪಣೆ ಕೇಳಿ, ಕಾಯಬೇಕು. ಅಷ್ಟರಲ್ಲಿ ಮರ ಸುತ್ತು ಮುಗಿಸಿರುತ್ತೆ."

ಅವರ ಅಟ್ಟದಲ್ಲಿ ಇನ್ಸ್ಟಿಟ್ಯೂಟ್ ಕಾಲದ ಒಂದು ಕಂಪ್ಯೂಟರ್ ಇತ್ತು. ಕೆಟ್ಟದ್ದಕ್ಕಿಂತ ಸ್ವಲ್ಪ ಈಚಿನದು. ಆದರೂ ಹಳೆಯ ಆಪರೇಟಿಂಗ್ ಸಿಸ್ಟಂ ಅದರಲ್ಲಿ ನಡೆಯುತ್ತಿತ್ತು. ಇಬ್ಬರೂ ಸೇರಿ ಹೊತ್ತು ತಂದರು. ಸತ್ತ ಕಂಪ್ಯೂಟರಿನ ಡಿಸ್ಕು ಅದಕ್ಕೆ ಹಾಕಿದರು. ಕಪ್ಪು ಪರದೆ ಬಂತು, ಬಿಳಿ ಅಕ್ಷರ ಬಂತು, ತಮ್ಮನ ಪ್ರೋಗ್ರಾಮಿನ ಹೆಸರು ಒತ್ತಿದರು. ಶುರುವಾಗುವ ಮೊದಲೇ ಅದು ಒಂದು ಸಾಲು ದೂರು ಬರೆದು ಕೈಚೆಲ್ಲಿತು.

ಮೇಷ್ಟ್ರು ಎರಡು ದಿನ ತಲೆ ಕೆರೆದುಕೊಂಡು ಕಾರಣ ಹಿಡಿದರು. ಕಂಪ್ಯೂಟರಿನ ವೇಗವನ್ನು ಪ್ರೋಗ್ರಾಮು ಮೊದಲು ಅಳೆಯುತ್ತದೆ, ಆ ಅಳತೆಯಿಂದ ಮೋಟಾರಿಗೆ ಎಷ್ಟು ಹೊತ್ತು ಕಾಯಬೇಕೆಂದು ಲೆಕ್ಕ ಹಾಕುತ್ತದೆ. ಈ ಕಂಪ್ಯೂಟರಿನ ವೇಗ ಆ ಅಳತೆಗೇ ಸಿಗುತ್ತಿರಲಿಲ್ಲ.

"ಮುದುಕರ ನಾಡಿ ನೋಡೋ ಕೈಯಲ್ಲಿ ಓಡೋ ಕುದುರೆ ನಾಡಿ ಹಿಡಿದ ಹಾಗಾಗಿದೆ," ಎಂದರು. "ತಿದ್ದಬೇಕಾದ್ದು ಒಂದೆರಡು ಸಾಲು. ತಮ್ಮಣ್ಣ ಕೈಯಾರೆ ಬರೆದ ಮೂಲಪ್ರತಿ ಡಿಸ್ಕಲ್ಲಿದೆ. ತಿದ್ದಿಬಿಡ್ತೀನಿ. ಆದ್ರೆ ತಿದ್ದಿದ್ದನ್ನ ಮತ್ತೆ ಯಂತ್ರದ ಭಾಷೆಗೆ ತಿರುಗಿಸಬೇಕು. ಅದಕ್ಕೆ ಕಂಪೈಲರ್ ಬೇಕು."

ತಮ್ಮನ ಕಂಪೈಲರ್ ಇದ್ದದ್ದು ಬೀರುವಿನ ಮೇಲಿನ ಒಂದು ಪೆಟ್ಟಿಗೆಯಲ್ಲಿ, ಫ್ಲಾಪಿಗಳಲ್ಲಿ. ಅಚ್ಚಕ್ಕ ಸ್ಟೂಲು ಹತ್ತಿ ಎಡಗೈಯಲ್ಲಿ ಇಳಿಸಿದಳು. ಮೇಷ್ಟ್ರು ಫ್ಲಾಪಿಯ ತಗಡು ಸರಿಸಿ ಬೆಳಕಿಗೆ ಹಿಡಿದರು. ಒಳಗಿನ ಕಪ್ಪು ತಟ್ಟೆಯ ಮೇಲೆ ಬಿಳಿ ಬೂಷ್ಟು. ಒಂದೂ ಓದಲಿಲ್ಲ.

"ಇದು ಅಂಗಡೀಲಿ ಸಿಗಲ್ವಾ?"

"ಮಾಡಿದವರು ಮಾರೋದು ಬಿಟ್ಟು ಎಷ್ಟೋ ಕಾಲ ಆಯ್ತು. ಇನ್ನು ಇಂಟರ್ನೆಟ್ಟಲ್ಲಿ ಪುಣ್ಯಾತ್ಮರು ಯಾರಾದ್ರೂ ಬಿಟ್ಟಿಯಾಗಿ ಇಟ್ಟಿರೋದೇ ಗತಿ."

ಈ ಮಾತು ನಡೆಯುತ್ತಿದ್ದಾಗ ಮುಂದಿನ ಕೋಣೆಯಲ್ಲಿ ಕೋಲು ಊರಿದ ಸದ್ದಾಯಿತು. ನರ್ಸಮ್ಮ ಬಂದಿದ್ದಳು. ತಮ್ಮ ಆಸ್ಪತ್ರೆಯಲ್ಲಿದ್ದಾಗ ಅವನ ವಾರ್ಡಿನಲ್ಲಿ ಇದ್ದವಳು ಇವಳೇ. ಆಗ ಅವಳ ಕಾಲು ನೆಟ್ಟಗಿತ್ತು. ಆಮೇಲೆ ಒಂದು ದಿನ ಆಕ್ಸಿಜನ್ ಸಿಲಿಂಡರು ಜಾರಿ ಪಾದದ ಮೇಲೆ ಬಿತ್ತು. ಎರಡು ಆಪರೇಷನ್ ಆಗಿ, ಪಾದ ಮಡಚಿದ ಬಟ್ಟೆಯ ಹಾಗೆ ಕೂಡಿಕೊಂಡಿತ್ತು. ಕಂಪ್ಯೂಟರ್ ಕೆಡುವ ಮೊದಲೇ ಅಚ್ಚಕ್ಕ ಪ್ಲಾಸ್ಟರ್ ಹಾಕಿ ಅಳತೆ ತೆಗೆದು ಅಂಕಿಗಳನ್ನೂ ಒತ್ತಿಟ್ಟಿದ್ದಳು. ಕೊರೆಯುವುದೊಂದು ಬಾಕಿ.

"ರಜೆ ಮುಗೀತಾ ಬಂತಕ್ಕಾ," ಎಂದಳು ನರ್ಸಮ್ಮ. "ಮುಂದಿನ ವಾರ ವಾರ್ಡಲ್ಲಿ ನಿಂತು ತೋರಿಸಬೇಕು. ನಿಲ್ಲೋಕಾಗದಿದ್ರೆ ರೆಕಾರ್ಡ್ ರೂಮಿಗೆ ಹಾಕ್ತಾರೆ. ಅಲ್ಲಿ ಕೂತು ಫೈಲಿಗೆ ದಾರ ಕಟ್ಟೋದು. ಒಂದು ಸಲ ಅಲ್ಲಿಗೆ ಹೋದವರು ವಾಪಸ್ ಬಂದದ್ದು ನಾನು ನೋಡಿಲ್ಲ."

"ಆಗುತ್ತೆ ಹೋಗಿ ನರ್ಸಮ್ಮ. ನೀವು ನನ್ನ ತಮ್ಮನ್ನ ಉಳಿಸಿದ್ರಿ, ನಿಮ್ಮನ್ನ ನಾನು ನಿಲ್ಲಿಸಲ್ವಾ?"

ನರ್ಸಮ್ಮ ಒಳಗೆ ಹೋಗಿ, ಅಭ್ಯಾಸಬಲದಿಂದ ತಮ್ಮನ ಮಣಿಕಟ್ಟು ಹಿಡಿದು ನಾಡಿ ನೋಡಿ ಬಂದಳು.

*

ಮೇಷ್ಟ್ರು ಮೂರು ಕಂಪೈಲರ್ ಹುಡುಕಿ ಸೀಡಿಯಲ್ಲಿ ಬರೆದು ತಂದರು. ಮೂರಕ್ಕೂ ಇಂಗ್ಲಿಷಿನಲ್ಲಿ ಬಾಯಿ ತಿರುಗದ ಹೆಸರುಗಳಿದ್ದವು. ಅಚ್ಚಕ್ಕನ ಅನುಕೂಲಕ್ಕೆ ಅವರೇ ಬೇರೆ ಹೆಸರಿಟ್ಟರು. ಮುದುಕ, ಚಿಕ್ಕವನು, ದೊಡ್ಡವನು.

ಮುದುಕ ಬೇಗ ಬಿದ್ದುಹೋದ. ಅವನು ತಮ್ಮನಿಗಿಂತ ಒಂದು ತಲೆಮಾರು ಹಿಂದಿನವನು. ತಮ್ಮ ಬರೆದ ರೀತಿಯೇ ಅವನಿಗೆ ಅರ್ಥವಾಗಲಿಲ್ಲ. ಮೊದಲ ಪುಟದಲ್ಲೇ ಮುಷ್ಕರ ಹೂಡಿದ.

ಚಿಕ್ಕವನು ತಮ್ಮನ ವಾರಿಗೆಯವನು. ಅವನನ್ನು ಮಾಡಿದ ಮನುಷ್ಯ ಒಬ್ಬನೇ, ಆತ ಯಾವತ್ತೋ ಕೈಬಿಟ್ಟಿದ್ದ. ಜೊತೆಗಿದ್ದ ವಿವರಣೆ ನಾಲ್ಕು ಪುಟ. ತಮ್ಮನ ಪ್ರೋಗ್ರಾಮನ್ನು ಅವನ ಬಾಯಿಗೆ ಹಾಕಿದಾಗ ಪರದೆ ತುಂಬ ತಕರಾರು ಉಕ್ಕಿತು. ಇದು ಗೊತ್ತಿಲ್ಲ, ಅದು ಸಿಗಲಿಲ್ಲ, ಈ ಸಾಲಿನಲ್ಲಿ ತಪ್ಪು, ಆ ಸಾಲಿನಲ್ಲಿ ಅನುಮಾನ. ಮೇಷ್ಟ್ರು ಕನ್ನಡಕ ಏರಿಸಿ ಒಂದೊಂದನ್ನೇ ತಿದ್ದುತ್ತ ಹೋದರು. ಒಂದು ಮುಚ್ಚಿದರೆ ಎರಡು ಬಾಯಿ ತೆರೆಯುತ್ತಿದ್ದವು.

"ಇವನೇನು ಮೇಷ್ಟ್ರೇ, ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ," ಎಂದಳು ಅಚ್ಚಕ್ಕ. "ಕೂತ್ರೂ ತಪ್ಪು, ನಿಂತ್ರೂ ತಪ್ಪು."

"ಹಳಬ ಅಕ್ಕಾ. ಹಳಬರು ಗೊಣಗ್ತಾರೆ. ನನ್ನ ಹೆಂಡ್ತೀನ ಕೇಳಿ ನೋಡಿ, ನನ್ನ ಬಗ್ಗೆನೂ ಇದನ್ನೇ ಹೇಳ್ತಾಳೆ."

ದೊಡ್ಡವನ ವಿಷಯ ಬೇರೆ. ಅವನ ಬೆನ್ನ ಹಿಂದೆ ಜಗತ್ತಿನ ತುಂಬ ಜನರಿದ್ದರು. ವಿವರಣೆಯೇ ಒಂದು ಪುಸ್ತಕದಷ್ಟಿತ್ತು, ಹೊಗಳಿಕೆಗೆ ಲೆಕ್ಕವಿರಲಿಲ್ಲ. ಹೊಸ ಕಾಲದ ಬುದ್ಧಿಯನ್ನು ಹಳೆಯ ಆಪರೇಟಿಂಗ್ ಸಿಸ್ಟಂ ಮೇಲೆ ನಡೆಸುವಂತೆ ಮಾಡಿದ ಕಂಪೈಲರ್ ಅದು. ಮೇಷ್ಟ್ರು ಪ್ರೋಗ್ರಾಮು ಕೊಟ್ಟು, ಗುಂಡಿ ಒತ್ತಿ, ತಕರಾರು ಬರೆದುಕೊಳ್ಳಲು ಪೆನ್ನು ಹಿಡಿದು ಕೂತರು. ಡಿಸ್ಕು ಸ್ವಲ್ಪ ಹೊತ್ತು ಗರಗರ ಅಂದಿತು. ಪರದೆಯ ಮೇಲೆ ಒಂದಕ್ಷರವೂ ಬರಲಿಲ್ಲ. ಕೆಲಸ ಮುಗಿದಿತ್ತು.

"ಅಷ್ಟೇನಾ?" ಎಂದಳು ಅಚ್ಚಕ್ಕ.

"ಅಷ್ಟೇ." ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ ಮತ್ತೆ ತೆಗೆದರು. "ಆದ್ರೂ ಅಕ್ಕಾ, ನನ್ನ ಮನಸ್ಸು ಚಿಕ್ಕವನ ಕಡೆ ಎಳೀತಿದೆ. ಅವನೂ ತಮ್ಮಣ್ಣನೂ ಒಂದೇ ಕಾಲದವರು. ಇನ್ನೊಂದು ವಾರ ಕೊಟ್ರೆ ಅವನ ತಕರಾರೆಲ್ಲ ತೀರಿಸ್ತೀನಿ."

"ಒಂದು ವಾರ ನರ್ಸಮ್ಮನ ಹತ್ರ ಇಲ್ಲ ಮೇಷ್ಟ್ರೇ."

"ಅದೂ ನಿಜ."

"ಇವನಲ್ಲಿ ಏನು ಕೊರತೆ ಹೇಳಿ."

ಮೇಷ್ಟ್ರು ಯೋಚಿಸಿದರು. "ಕೊರತೆ ಏನೂ ಕಾಣ್ತಿಲ್ಲ."

"ಮತ್ತೆ? ಅವನು ಕಚ್ತಾನೆ, ಇವನು ಕಚ್ಚಲ್ಲ. ಕಚ್ಚದೇ ಇರೋನನ್ನೇ ಇಟ್ಕೊಳ್ಳಿ."

ಹಾಗೆ ಅಚ್ಚಕ್ಕನೇ ಆರಿಸಿದಳು.

*

ಮಾರನೆಯ ದಿನ ಮಧ್ಯಾಹ್ನ ಗಾಳಿಸುತ್ತು ಹಾಕಿದರು. ಹಿಂದಿನ ಕೋಣೆಯ ಕಿಟಕಿಯಿಂದ ಬಿಸಿಲು ನೇರವಾಗಿ ದಂಡದ ಮೇಲೆ ಬೀಳುತ್ತಿತ್ತು. ಅಚ್ಚಕ್ಕ ಗುಂಡಿ ಒತ್ತಿದಳು. ಅಷ್ಟು ದಿನ ಸುಮ್ಮನಿದ್ದ ಮೋಟಾರುಗಳು ಒಮ್ಮೆ ಕೆಮ್ಮಿ, ಹಳೆಯ ರಾಗ ಹಿಡಿದವು. ದಂಡ ಸುತ್ತಿತು. ಕಟರು ಒಳಗೆ, ಹೊರಗೆ, ಮತ್ತೆ ಒಳಗೆ ಆಡಿತು. ಇಲ್ಲದ ಮರದಲ್ಲಿ ನರ್ಸಮ್ಮನ ಹಿಮ್ಮಡಿ ಅವಳ ಕಣ್ಣಿಗೆ ಕಂಡಿತು. ಒಂದು ಸುತ್ತು ಮುಗಿದು ಯಂತ್ರ ತಾನಾಗಿ ನಿಂತಿತು.

"ನೋಡು," ಎಂದ ತಮ್ಮ.

ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದ. ಎಡಗೈ ತೋರುಬೆರಳು ಗಾಳಿಯಲ್ಲಿ ಒಂದು ಸುತ್ತು ಬರೆಯಿತು, ಶುರುವಾದ ಜಾಗಕ್ಕೆ ಬಂದು ನಿಂತಿತು. ಮತ್ತೊಂದು ಸುತ್ತು ಬರೆಯಿತು, ಮತ್ತೆ ಅಲ್ಲಿಗೇ ಬಂದು ನಿಂತಿತು.

"ನೋಡು. ನೋಡು."

"ನೋಡ್ದೆ ಕಣೋ," ಎಂದಳು ಅಚ್ಚಕ್ಕ. ಎಷ್ಟೋ ದಿನದ ಮೇಲೆ ಅವಳಿಗೆ ನಗು ಬಂದಿತ್ತು. "ನಮ್ಮ ಸೊಸೆ ಎದ್ದಳು. ನೋಡಿ ಮೇಷ್ಟ್ರೇ, ಇನ್ನೂ ಸುತ್ತಿಸು ಅಂತಿದ್ದಾನೆ. ಆತುರ ನೋಡಿ ಇವನದು."

"ಬರೆದವನಿಗೆ ಇರಲ್ವಾ ಅಕ್ಕಾ."

"ಇರೋ, ಮರ ಕೂರಿಸ್ತೀನಿ."

ಒಳ್ಳೆಯ ಮರ, ಅಟ್ಟದಲ್ಲಿ ವರ್ಷಗಟ್ಟಲೆ ಒಣಗಿದ್ದು. ದಿಮ್ಮಿಯ ನಡುವಿನ ತೂತಿಗೆ ದಂಡ ತೂರಿಸಿ, ಎರಡೂ ಕಡೆ ಬಿಗಿ ಮಾಡಿದಳು. ತಮ್ಮ ಬೆರಳು ತಿರುಗಿಸುತ್ತಲೇ ಇದ್ದ. ಅವನ ಮೊಣಕೈ ತಗುಲದಿರಲೆಂದು ಅವಳು ಕುರ್ಚಿಯನ್ನು ಒಂದಷ್ಟು ಹಿಂದಕ್ಕೆ ಎಳೆದು, ಗುಂಡಿ ಒತ್ತಿದಳು.

ಮೊದಲ ಸುತ್ತು ಹೊನ್ನಿನಂಥ ಸುತ್ತು. ಸಿಪ್ಪೆ ಸುರುಳಿಯಾಗಿ ಏಳುತ್ತಿತ್ತು. ಕಟರು ಹಿಮ್ಮಡಿಯ ಅಂಚನ್ನು ತೆಳ್ಳಗೆ ಹೆರೆಯುತ್ತ ಬಂತು. ಸುತ್ತು ಮುಗಿಯಿತು, ಎರಡನೆಯದು ಶುರುವಾಯಿತು. ಆಗ ಕಟರು ಒಂದು ಕ್ಷಣ ತಡೆದು, ಆಮೇಲೆ ನೇರವಾಗಿ ಒಳಕ್ಕೆ ಹೋಯಿತು. ಮರ ದಾಟಿ ಹೋಯಿತು. ಉಕ್ಕಿನ ದಂಡಕ್ಕೆ ಬಡಿದ ಸದ್ದು ಓಣಿಯ ಆ ತುದಿಗೂ ಕೇಳಿಸಿತಂತೆ. ಮೇಷ್ಟ್ರು ಗೋಡೆಯ ಸ್ವಿಚ್ಚಿಗೆ ಹಾರಿದರು. ಅವರ ಕೈ ಅಲ್ಲಿಗೆ ಹೋಗುವಷ್ಟರಲ್ಲಿ ಕಟರು ಚೂರಾಗಿತ್ತು, ದಂಡ ಬಾಗಿತ್ತು, ಬಾಗಿದ ದಂಡದಲ್ಲಿ ದಿಮ್ಮಿ ಇನ್ನೂ ಅರ್ಧ ಸುತ್ತು ಸುತ್ತಿ ಲೇತಿನ ಹಾಸನ್ನು ಗುದ್ದಿತ್ತು.

ಹೊಟ್ಟು ಕೆಳಗಿಳಿದ ಮೇಲೆ ನೋಡಿದರೆ ಹಾಸಿನಲ್ಲಿ, ಈ ಅಂಚಿನಿಂದ ಆ ಅಂಚಿಗೆ, ಕೂದಲಿನಂಥ ಬಿರುಕು.

"ನೋಡು," ಎಂದ ತಮ್ಮ. ಅವನ ಬೆರಳು ಸುತ್ತುತ್ತಲೇ ಇತ್ತು.

*

ಪಕ್ಕದ ಬೀದಿಯ ಲೇತಿನವನು ಬಂದು, ಮಂಡಿಯೂರಿ, ಬಿರುಕಿನ ಮೇಲೆ ಉಗುರು ಎಳೆದು ನೋಡಿದ.

"ಬೀಡು ಕಬ್ಬಿಣ ಅಕ್ಕಾ. ಒಡೆದ ಮೇಲೆ ವೆಲ್ಡಿಂಗ್ ನಿಲ್ಲಲ್ಲ. ನಿಂತ ಹಾಗೆ ಕಾಣುತ್ತೆ, ಕಟರು ಓಡಿದ ತಕ್ಷಣ ಬಾಯಿ ಬಿಡುತ್ತೆ. ಈ ಅಳತೆ ಹಾಸು ಈಗ ಯಾರೂ ಎರಕ ಹೊಯ್ಯಲ್ಲ."

"ಗುಜರೀಲಿ?"

"ಗುಜರೀಲಿದ್ದದ್ದನ್ನೇ ಅಲ್ವಾ ನಿಮ್ಮ ತಮ್ಮ ತಂದಿದ್ದು."

ಕಾರಣ ಹುಡುಕಲು ಮೇಷ್ಟ್ರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಯಂತ್ರ ಸರಿಯಿರುವಾಗ ಕಾಣದಿದ್ದದ್ದು ಮುರಿದ ಮೇಲೆ ಒಂದೇ ನೋಟಕ್ಕೆ ಕಂಡಿತು. ಅವರು ಸ್ಟೂಲಿನ ಮೇಲೆ ಕೂತು, ನೆಲ ನೋಡುತ್ತ ಹೇಳಿದರು.

"ಸ್ಕೂಟರಲ್ಲಿ ಕಿಲೋಮೀಟರು ತೋರಿಸೋ ಮೀಟರ್ ಇರುತ್ತಲ್ಲ ಅಕ್ಕಾ. ಎಲ್ಲಾ ಒಂಬತ್ತು ಆದ್ಮೇಲೆ ಏನಾಗುತ್ತೆ?"

"ಎಲ್ಲಾ ಸೊನ್ನೆ ಆಗುತ್ತೆ."

"ಹಾ. ತಮ್ಮಣ್ಣ ಅದನ್ನೇ ಮಾಡಿದ್ದ. ದಂಡ ಎಷ್ಟು ತಿರುಗಿದೆ ಅನ್ನೋ ಲೆಕ್ಕನ ಒಂದು ಡಬ್ಬೀಲಿ ಇಟ್ಟಿದ್ದ. ಅವನ ಕಂಪೈಲರಲ್ಲಿ ಆ ಡಬ್ಬಿ ಚಿಕ್ಕದು. ಒಂದು ಸುತ್ತು ಮುಗಿಯೋದಕ್ಕೂ ಡಬ್ಬಿ ತುಂಬಿ ತಾನೇ ಸೊನ್ನೆಯಾಗೋದಕ್ಕೂ ಸರಿಹೋಗೋ ಹಾಗೆ ಲೆಕ್ಕ ಕಟ್ಟಿದ್ದ. ಸುತ್ತು ಮುಗೀತು, ಮತ್ತೆ ಮೊದಲಿಂದ ಶುರು ಅಂತ ಎಲ್ಲೂ ಬರೆದಿಲ್ಲ, ಬರೆಯೋ ಅಗತ್ಯನೂ ಇರಲಿಲ್ಲ. ದೊಡ್ಡವನ ಡಬ್ಬಿ ದೊಡ್ಡದು ಅಕ್ಕಾ. ಅದು ತುಂಬಲೇ ಇಲ್ಲ. ಮೊದಲ ಸುತ್ತು ಆದ್ಮೇಲೆ ಸೊನ್ನೆಗೆ ವಾಪಸ್ ಬರದೆ ಮುಂದಕ್ಕೆ ಹೋಯ್ತು. ಮುಂದೆ ಪಾದದ ಅಂಕಿಗಳೇ ಇಲ್ಲ. ಅಲ್ಲಿ ಏನು ಕಸ ಸಿಕ್ತೋ ಅದನ್ನೇ ಅಂಕಿ ಅಂದ್ಕೊಂಡು ಕಟರನ್ನ ಒಳಗೆ ನುಗ್ಗಿಸ್ತು."

"ಗಾಳಿಸುತ್ತು ಸರಿ ಬಂತಲ್ಲ."

"ಗಾಳಿಸುತ್ತು ಒಂದೇ ಸುತ್ತು ಅಲ್ವಾ. ತಪ್ಪು ಇದ್ದಿದ್ದು ಎರಡನೇದರಲ್ಲಿ."

ಅಚ್ಚಕ್ಕ ಬಾಗಿಲ ಕಡೆ ತಿರುಗಿದಳು. ಮುಂದಿನ ಕೋಣೆಯಲ್ಲಿ ನೆಲಕ್ಕೆ ತಾಗಿಸಿದ ಕನ್ನಡಿ, ಅದರಾಚೆ ಬಾಗಿಲು, ಬಾಗಿಲಿನಾಚೆ ಓಣಿಯ ಮೂರು ಮೆಟ್ಟಿಲು ಕಾಣುತ್ತಿದ್ದವು.

"ಸೈಜು ದೊಡ್ಡದಾಗಿತ್ತು," ಎಂದಳು. "ಅದಕ್ಕೇ ಕಚ್ಚಲಿಲ್ಲ."

"ನಾನು ಇನ್ನೊಂದು ವಾರ ಗಟ್ಟಿಯಾಗಿ ಕೇಳಬೇಕಿತ್ತು ಅಕ್ಕಾ."

"ಕೇಳಿದ್ರಲ್ಲ ಮೇಷ್ಟ್ರೇ. ನಾನೇ ಕೊಡಲಿಲ್ಲ." ಆಮೇಲೆ ಅವಳ ಕಣ್ಣು ತಮ್ಮನ ಬೆರಳಿನ ಮೇಲೆ ಹೋಯಿತು. ಒಂದು ಸುತ್ತು, ಶುರುವಾದ ಜಾಗಕ್ಕೆ ವಾಪಸ್. ಇನ್ನೊಂದು ಸುತ್ತು, ಮತ್ತೆ ಅಲ್ಲಿಗೇ ವಾಪಸ್. "ಇವನು ಹೇಳ್ತಾನೇ ಇದ್ದ. ತಿರುಗಿ ಬರಬೇಕು, ತಿರುಗಿ ಬರಬೇಕು ಅಂತ. ನಾನು ಕುರ್ಚಿ ಹಿಂದಕ್ಕೆ ಎಳೆದೆ."

ಅವಳು ಅವನ ಮುಂದೆ ಕೂತು ಆ ಬೆರಳನ್ನು ಹಿಡಿದಳು. "ಗೊತ್ತಾಯ್ತು ಕಣೋ. ಈಗ ಗೊತ್ತಾಯ್ತು. ಸಾಕು ಬಿಡು."

ಹಿಡಿದ ಮುಷ್ಟಿಯೊಳಗೂ ಬೆರಳು ತಿರುಗಲು ನೋಡುತ್ತಿತ್ತು.

*

ಅಪ್ಪನ ಉಳಿಗಳು ಇನ್ನೂ ಇದ್ದವು. ಅಚ್ಚಕ್ಕ ಅವನ್ನು ತೆಗೆದು, ಎಣ್ಣೆ ಹಾಕಿ, ಕಲ್ಲಿನ ಮೇಲೆ ಸಾಣೆ ಹಿಡಿದಳು. ಸೀಳಿದ ದಿಮ್ಮಿಯಲ್ಲೇ ಒಳ್ಳೆಯ ಭಾಗ ನೋಡಿ ಮರ ಬಿಗಿಹಿಡಿಯುವ ವೈಸಿಗೆ ಸಿಕ್ಕಿಸಿದಳು. ಮೂರು ಏಟು ಹೊಡೆದಳು. ನಾಲ್ಕನೆಯದಕ್ಕೆ ಕೈ ಎತ್ತಿದಾಗ ಭುಜ ಎತ್ತಿದಲ್ಲೇ ನಿಂತಿತು. ಇಳಿಸಲು ಇನ್ನೊಂದು ಕೈಯ ಸಹಾಯ ಬೇಕಾಯಿತು. ಎಡಗೈಯಲ್ಲಿ ನೋಡಿದಳು. ಎಡಗೈಗೆ ಮರ ಹೇಗಿರುತ್ತದೆಂದೇ ಗೊತ್ತಿರಲಿಲ್ಲ.

ನರ್ಸಮ್ಮ ಬಂದದ್ದು ಆ ಹೊತ್ತಿಗೆ. ಹಿಂದಿನ ಕೋಣೆಯ ಬಾಗಿಲಲ್ಲಿ ಕೋಲು ಊರಿ ನಿಂತು, ಬಾಗಿದ ದಂಡ ನೋಡಿದಳು, ಉಳಿ ನೋಡಿದಳು. ಅಚ್ಚಕ್ಕನೇ ಎಲ್ಲ ಹೇಳಿದಳು. ತಮ್ಮ ಬೆರಳು ತಿರುಗಿಸಿ ಎಚ್ಚರಿಸಿದ್ದನ್ನೂ, ತಾನು ನಕ್ಕಿದ್ದನ್ನೂ ಹೇಳಿದಳು.

"ಅಯ್ಯೋ, ಅದನ್ನ ಮನಸ್ಸಿಗೆ ಹಚ್ಕೋಬೇಡಿ ಅಕ್ಕಾ," ಎಂದಳು ನರ್ಸಮ್ಮ. ಸಮಾಧಾನಕ್ಕೆಂದೇ ಹೇಳಿದ ಮಾತು. ದನಿಯಲ್ಲಿ ಪ್ರೀತಿಯೂ ಇತ್ತು. "ಅವರು ವಾರ್ಡಲ್ಲೂ ಹೀಗೇ ತಿರುಗಿಸ್ತಿದ್ರು. ಬಂದ ದಿನದಿಂದಲೇ. ಊಟ ಮಾಡಿಸುವಾಗ, ಸ್ನಾನ ಮಾಡಿಸುವಾಗ, ನಿದ್ದೇಲೂ. ಕಾಯಿಲೆ ಅದು. ಕೈ ತಾನೇ ಆಡುತ್ತೆ. ಅವರೇನೂ ಹೇಳ್ತಿರಲಿಲ್ಲ."

ಅಚ್ಚಕ್ಕ ತಲೆಯಾಡಿಸಿದಳು. ಹೌದು, ನೆನಪಿಗೆ ಬಂತು. ಟೀ ಕುಡಿಸುವಾಗಲೂ ಆ ಬೆರಳು ತಿರುಗುತ್ತಿತ್ತು, ಗೋಡೆಯ ಮೇಲೆ ಹಲ್ಲಿ ಓಡಿದರೂ ತಿರುಗುತ್ತಿತ್ತು. ಅವನು ಹೇಳಿದ, ತಾನು ಕೇಳಲಿಲ್ಲ ಎಂಬುದು ಆ ಕ್ಷಣದವರೆಗೂ ಎದೆಯ ಮೇಲಿನ ಕಲ್ಲಾಗಿತ್ತು. ಕಲ್ಲಾದರೂ ಅದರಡಿ ತಮ್ಮ ಇದ್ದ, ಲೆಕ್ಕ ಗೊತ್ತಿದ್ದ ತಮ್ಮ. ನರ್ಸಮ್ಮ ಆ ಕಲ್ಲನ್ನು ಎತ್ತಿ ತೆಗೆದಳು. ಅಡಿಯಲ್ಲಿ ಯಾರೂ ಇರಲಿಲ್ಲ. ಇಲ್ಲ, ಇದ್ದನೋ ಏನೋ. ಅದನ್ನು ಹೇಳಬಲ್ಲವನು ಒಬ್ಬನೇ, ಅವನಿಗಿದ್ದದ್ದು ಒಂದೇ ಮಾತು.

"ನಿಮ್ಮ ಕಾಲು?" ಎಂದಳು ಅಚ್ಚಕ್ಕ.

"ರೆಕಾರ್ಡ್ ರೂಮು ತಣ್ಣಗಿರುತ್ತಂತೆ ಅಕ್ಕಾ. ಬೇಸಿಗೇಲಿ ಎಲ್ಲರೂ ಅಲ್ಲಿಗೇ ಬಂದು ಕೂರ್ತಾರಂತೆ." ನರ್ಸಮ್ಮ ನಗಲು ನೋಡಿದಳು. ಹೋಗುವ ಮೊದಲು ತಮ್ಮನ ನಾಡಿ ಹಿಡಿದಳು. "ಚೆನ್ನಾಗಿದೆ," ಎಂದಳು.

ಓಣಿಯ ಮೆಟ್ಟಿಲಲ್ಲಿ ಅವಳ ಕೋಲಿನ ಸದ್ದು ಮೂರು ಸಲ ಕೇಳಿಸಿತು, ಪ್ರತಿ ಸದ್ದಿಗೂ ನಡುವೆ ಬಹಳ ಹೊತ್ತು ಬಿಟ್ಟು.

*

ಟೈಪಿಂಗ್ ಮೇಷ್ಟ್ರು ಚಿಕ್ಕವನನ್ನು ಬಿಡಲಿಲ್ಲ. ಯಾರೂ ಕೇಳದಿದ್ದರೂ ದಿನವೂ ಮಧ್ಯಾಹ್ನ ಬಂದು, ಕನ್ನಡಕ ಏರಿಸಿ, ತಕರಾರುಗಳನ್ನು ಒಂದೊಂದಾಗಿ ತೀರಿಸುತ್ತ ಕೂತರು. ಅಚ್ಚಕ್ಕ ಬೇಡವೆನ್ನಲಿಲ್ಲ, ಟೀ ತಂದಿಡುತ್ತಿದ್ದಳು. ಕೊನೆಗೊಂದು ದಿನ ಚಿಕ್ಕವನ ಗೊಣಗಾಟ ನಿಂತಿತು. ತಮ್ಮನ ಪ್ರೋಗ್ರಾಮು ಮತ್ತೆ ಯಂತ್ರದ ಭಾಷೆಗೆ ತಿರುಗಿತು.

"ಆಯ್ತಕ್ಕಾ," ಎಂದರು. ದನಿಯಲ್ಲಿ ಗೆಲುವಿರಲಿಲ್ಲ. "ತಮ್ಮಣ್ಣ ಚೆನ್ನಾಗಿದ್ದಾಗ ಹೇಗಿತ್ತೋ ಹಾಗೇ ಇದೆ ಈಗ. ಒಂದು ಕೂದಲೂ ಆಚೀಚೆ ಇಲ್ಲ."

"ಓಡಿಸಿ ನೋಡಿ."

"ಯಾವುದರ ಮೇಲೆ?"

"ಸುಮ್ನೆ ಓಡಿಸಿ."

ಹಿಂದಿನ ಕೋಣೆಯಲ್ಲಿ ಯಂತ್ರದ ಜಾಗ ಖಾಲಿ. ಲೇತಿನವನು ಹಾಸನ್ನು ಎಳೆಸಿಕೊಂಡು ಹೋಗಿದ್ದ, ನೆಲದಲ್ಲಿ ನಾಲ್ಕು ಬೋಲ್ಟಿನ ತೂತು ಉಳಿದಿದ್ದವು. ಕೇಬಲ್ ಕಂಪ್ಯೂಟರಿನ ಹಿಂದಿನಿಂದ ಇಳಿದು, ನೆಲದ ಮೇಲೆ ಸ್ವಲ್ಪ ದೂರ ಹರಿದು ಮುಗಿಯುತ್ತಿತ್ತು. ಮೇಷ್ಟ್ರು ಗುಂಡಿ ಒತ್ತಿದರು. ಕಪ್ಪು ಪರದೆಯ ಮೂಲೆಯಲ್ಲಿ ಬಿಳಿ ಅಂಕಿ ಏರತೊಡಗಿತು. ಅದು ದಂಡ ತಿರುಗಿದ ಲೆಕ್ಕ. ಏರಿತು, ಏರಿತು, ಡಬ್ಬಿ ತುಂಬಿತು, ಸೊನ್ನೆಯಾಯಿತು. ಎರಡನೆಯ ಸುತ್ತು ಶುರುವಾಯಿತು. ಅದೂ ತುಂಬಿ ಸೊನ್ನೆಯಾಯಿತು. ಇಲ್ಲದ ಮರದಲ್ಲಿ ಪ್ರೋಗ್ರಾಮು ನರ್ಸಮ್ಮನ ಪಾದವನ್ನು ಹಿಮ್ಮಡಿಯಿಂದ ಬೆರಳಿನ ಕಡೆಗೆ, ಎಲ್ಲೂ ತಪ್ಪದೆ, ಕೊರೆಯುತ್ತ ಹೋಯಿತು.

ಅಚ್ಚಕ್ಕ ತಮ್ಮನ ಕುರ್ಚಿಯನ್ನು ಪರದೆಯ ಮುಂದಕ್ಕೆ ತಳ್ಳಿದಳು. ಅಂಕಿಯ ಬೆಳಕು ಅವನ ಮುಖದ ಮೇಲೆ ಬಿತ್ತು. ಅವಳು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಪರದೆ ಬಿಟ್ಟು ಅವನ ಬೆರಳನ್ನೇ ನೋಡಿದಳು. ಅಂಕಿ ಸೊನ್ನೆಯಾಗುವ ಹೊತ್ತಿಗೆ ಬೆರಳೂ ಶುರುವಾದ ಜಾಗಕ್ಕೆ ಬರುತ್ತದೆಯೇ ಎಂದು ನೋಡಿದಳು. ಒಮ್ಮೆ ಬಂದಂತೆ ಕಂಡಿತು. ಮುಂದಿನ ಸಲ ಬರಲಿಲ್ಲ.

ಅಚ್ಚು ಮುಗಿದು ಪರದೆ ಸುಮ್ಮನಾದ ಮೇಲೂ ಬೆರಳು ತಿರುಗುತ್ತಿತ್ತು.